ಆರನೇ ಗುಂಡಿನಿಂದ ಗುರಿ ಚದುರುವುದು: ಪ್ರತಿಕ್ರಿಯೆ

ಕರಿಮದ್ದಿನ (ಹಳೆಯ ಬಗೆಯ, ಹೊಗೆಯುಗುಳುವ ಕೋವಿಮದ್ದು) ರೈಫಲ್ಲಿನಲ್ಲಿ ಆರನೇ ಗುಂಡಿನಿಂದ ಗುರಿ ಏಕೆ ಚದುರುತ್ತದೆ ಎಂದು ಕೇಳಿದ್ದೀರಿ. 500 ಗಜದಲ್ಲಿ ಮೊದಲ ಐದು ಗುಂಡು ಒಟ್ಟಿಗೆ ಬಿದ್ದು, ಆಮೇಲೆ ಚದುರುತ್ತಿದ್ದರೆ ಕಾರಣ ಬಹುಮಟ್ಟಿಗೆ ನಳಿಗೆಯೊಳಗೆ ಒಣಗಿ ಗಟ್ಟಿಯಾದ ಕರಿಮದ್ದಿನ ಮಸಿ. ನಿಮ್ಮ .45-70 ತೋಟಾದ ಶಾರ್ಪ್ಸ್ ರೈಫಲ್ಲಿನಂಥ ಉದ್ದ ನಳಿಗೆಯಲ್ಲಿ ಬಾಯಿಯ ಕಡೆಯ ಕೊನೆಯ ಭಾಗವೇ ಮೊದಲು ಒಣಗುತ್ತದೆ.

ಮೊದಲು ಖಚಿತಪಡಿಸಿಕೊಳ್ಳಿ. ಚದುರಿದ ಕೂಡಲೇ ಒದ್ದೆ ಬಟ್ಟೆ ತುಂಡು ಎರಡು ಸಲ, ಒಣ ತುಂಡು ಒಂದು ಸಲ ಎಳೆದು ಮತ್ತೆ ಹಾರಿಸಿ. ಗುರಿ ಕೂಡಿಕೊಂಡರೆ ಮಸಿಯೇ. ಕೂಡದಿದ್ದರೆ ಹಿಂದಿನ ವರ್ನಿಯರ್ ಸೈಟಿನ (ಸೂಕ್ಷ್ಮ ಅಳತೆಗೆರೆಗಳಿರುವ, ಗುರಿ ನೋಡುವ ಸಾಧನ) ಸ್ಕ್ರೂ ಸಡಿಲವಾಗಿದೆಯೇ ನೋಡಿ. ಬಟ್ಟೆಯಲ್ಲಿ ಬೂದುಬಣ್ಣದ ಹೊಳೆಯುವ ಚೂರು ಬಂದರೆ ನಳಿಗೆಗೆ ಗುಂಡಿನ ಸೀಸ ಅಂಟಿದೆ. ಅದಕ್ಕೆ ಮುಂದೆ ಹೇಳುವಂತೆ ನಳಿಗೆಯೊಳಗೆ ಊದುವುದರಿಂದ ಪ್ರಯೋಜನವಿಲ್ಲ, ತಿಕ್ಕಿಯೇ ತೆಗೆಯಬೇಕು.

ಮಸಿಯಾದರೆ, ಉಸಿರಿನ ತೇವದಿಂದ ಅದನ್ನು ಮೆತ್ತಗಾಗಿಸುವ ಊದುಕೊಳವೆ ಬಳಸಿ: ಖಾಲಿ ತೋಟಾದ ತಳಕ್ಕೆ ತೂತು ಕೊರೆದು ಪ್ಲಾಸ್ಟಿಕ್ ನಳಿಕೆ ಸಿಕ್ಕಿಸಿದರೆ ಆಯಿತು. ಪ್ರತಿ ಗುಂಡಿನ ನಂತರ ಬ್ರೀಚ್ (ತೋಟಾ ತುಂಬುವ ಹಿಂಬದಿ) ತೆರೆದು, ನಳಿಗೆ ಗುರಿಯ ಕಡೆಗೇ ಇಟ್ಟು, ಹಿಂದಿನಿಂದ ಮೂರು-ನಾಲ್ಕು ಉದ್ದ, ನಿಧಾನದ ಉಸಿರು ಬಿಡಿ. ಜೋರಾಗಿ ಊದಬೇಡಿ, ಬೇಕಾದದ್ದು ತೇವ, ಗಾಳಿಯಲ್ಲ. ಒಣಹವೆಯಲ್ಲಿ ಏಳೆಂಟು ಉಸಿರು ಬೇಕಾಗಬಹುದು. ಅದೂ ಸಾಲದಿದ್ದರೆ ಪ್ರತಿ ಸಲ ಒರೆಸಿ, ತೋಟಾ ಕೂರುವ ಜಾಗವನ್ನು ಪೂರ್ತಿ ಒಣಗಿಸಿ. ಎಷ್ಟು ಉಸಿರು ಎಂದು ತೀರ್ಮಾನಿಸಿದಿರೋ ಅಷ್ಟನ್ನೇ ಕೊನೆಯವರೆಗೆ ಪಾಲಿಸಿ, ಇಲ್ಲದಿದ್ದರೆ ಗುಂಡು ಮೇಲೆ ಕೆಳಗೆ ಆಡುತ್ತದೆ.

ಗುಂಡಿಗೆ ಸವರುವ ಗ್ರೀಸನ್ನೂ ಅನುಮಾನಿಸಿ. ಪೆಟ್ರೋಲಿಯಂ ಗ್ರೀಸ್ ಕರಿಮದ್ದಿನ ಜೊತೆ ಡಾಂಬರಿನಂತೆ ಗಟ್ಟಿಯಾಗುತ್ತದೆ. ಜೇನುಮೇಣ ಮತ್ತು ಪ್ರಾಣಿಕೊಬ್ಬು ಅಥವಾ ಸಸ್ಯದೆಣ್ಣೆಯದ್ದು ಒಳ್ಳೆಯದು. ಹತ್ತು ಗುಂಡಿನ ನಂತರವೂ ನಳಿಗೆಯ ಬಾಯಿಯ ಸುತ್ತ ಗ್ರೀಸಿನ ತೇವದ, ನಕ್ಷತ್ರಾಕಾರದ ಗುರುತು ಕಾಣುತ್ತಿದ್ದರೆ ಗ್ರೀಸ್ ಸಾಕಷ್ಟಿದೆ.