ಶಿರಾ ಕಡೆಯ ತೋಟದಲ್ಲಿ ಗುರಿ ಹೊಡೆಯೋಕೆ ಚಿಕ್ಕ ಸೆಮಿ-ಆಟೋಮ್ಯಾಟಿಕ್ ರೈಫಲ್ ಯಾವುದು?

ನಮಸ್ಕಾರ ಸರ್. ಸೆಮಿ-ಆಟೋಮ್ಯಾಟಿಕ್ (ಒಮ್ಮೆ ಹೊಡೆದ ಮೇಲೆ ಮುಂದಿನ ಗುಂಡು ತಾನೇ ತುಂಬಿಕೊಳ್ಳೋದು) ಆಸೆ ಬಿಡಿ. 2016ರ ಆಯುಧ ನಿಯಮಗಳಲ್ಲಿ ಅದು ನಿರ್ಬಂಧಿತ ವರ್ಗ, ಹವ್ಯಾಸಕ್ಕೆ ಲೈಸೆನ್ಸ್ ಸಿಗೋದು ಕನಸಿನ ಮಾತು. ಅದರ ಬದಲು ಗಾಳಿಯ ಒತ್ತಡದಲ್ಲಿ ಹೊಡೆಯೋ 4.5 ಮಿ.ಮೀ. ನಳಿಗೆಯ ಏರ್ ರೈಫಲ್ ನೋಡಿ; ಏಟಿನ ಶಕ್ತಿ 20 ಜೌಲ್ ಮೀರದಿದ್ದರೆ ಲೈಸೆನ್ಸ್ ಬೇಡ. 0.5 ಗ್ರಾಂ ಪೆಲೆಟ್ (ಏರ್ ರೈಫಲ್‌ನ ಚಿಕ್ಕ ಗುಂಡು) ಸೆಕೆಂಡಿಗೆ 200 ಮೀಟರ್ ಹೋದರೆ 10 ಜೌಲ್. 10 ಮೀಟರ್ ಕಾಗದದ ಗುರಿಗೆ ಧಾರಾಳ.

ನಳಿಗೆ ಬಗ್ಗಿಸಿ ಒಳಗಿನ ಸ್ಪ್ರಿಂಗ್ ಬಿಗಿಯೋ ಏರ್ ರೈಫಲ್ (ಸ್ಪ್ರಿಂಗ್ ಗನ್) ಆದರೆ ತೀರಾ ಗಿಡ್ಡ ನಳಿಗೆ ಬೇಡ. ಬಗ್ಗಿಸೋಕೆ ಅದೇ ಸನ್ನೆಕೋಲು. ಗಿಡ್ಡವಾದಷ್ಟೂ ತೋಳು ಬೇಗ ಸೋಲುತ್ತೆ, ಸೋತ ಕೈಗೆ ಗುರಿ ನಿಲ್ಲಲ್ಲ. ಪೆಲೆಟ್ ಇಲ್ಲದೆ ಟ್ರಿಗರ್ ಎಳೀಬೇಡಿ: ಪಿಸ್ಟನ್ನಿಗೆ ಗಾಳಿಯ ತಡೆ ಸಿಗದೆ ಸಿಲಿಂಡರ್ ತುದಿಗೆ ಬಡಿದು ಸೀಲ್, ಸ್ಪ್ರಿಂಗ್ ಹಾಳು. ರೈಫಲ್‌ನ ಮುಂಭಾಗವನ್ನು ಕೈಯಲ್ಲಿ ಬಿಗಿಯಾಗಿ ಹಿಡಿದರೂ ಏಟು ಚದುರುತ್ತೆ, ಸಡಿಲವಾಗಿ ಕೂರಿಸಿ. ಸ್ಕೋಪ್ ಹಾಕೋದಾದ್ರೆ ಏರ್ ರೈಫಲ್‌ಗೆಂದೇ ಮಾಡಿದ್ದು ತಗೊಳ್ಳಿ. ಸ್ಪ್ರಿಂಗ್ ಗನ್ ಹಿಂದೆ-ಮುಂದೆ ಎರಡೂ ಕಡೆ ಒದೆಯೋದರಿಂದ ಮಾಮೂಲಿ ಸ್ಕೋಪ್ ಸಡಿಲ ಆಗುತ್ತೆ.

ಕಾಗದಕ್ಕೆ ಚಪ್ಪಟೆ ಮೂತಿಯ ಪೆಲೆಟ್, ತೂತು ದುಂಡಗೆ ಬೀಳುತ್ತೆ. ಗುರಿ ಹಿಂದೆ ಮರಳು ಮೂಟೆ ಇಡಿ. ಕಲ್ಲು ಚಪ್ಪಡಿ ಬೇಲಿ ಮಾತ್ರ ಬೇಡವೇ ಬೇಡ, ಪೆಲೆಟ್ ವಾಪಸ್ ಹಾರುತ್ತೆ; ಕನ್ನಡಕ ಹಾಕ್ಕೊಳ್ಳಿ. ನವಿಲು, ಮೊಲದ ಕಡೆ ತಿರುಗಿಸಿದರೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಕೇಸು.