ಅಜ್ಜನ ಕೋವಿಯ ಮೇಲೆ ಚಿನ್ನದ 2

ಪ್ರಶ್ನೆ: ಸರ್, ನಮ್ಮದು ವಿರಾಜಪೇಟೆ ಹತ್ತಿರದ ಊರು. ಅಜ್ಜನ ಕಾಲದ ಜೋಡುನಳಿಗೆ ಕೋವಿ ಒಂದು ಮನೆಯಲ್ಲಿದೆ. 12 ಬೋರ್ (ನಳಿಗೆಯ ಅಗಲದ ಅಳತೆ), ಇಂಗ್ಲೆಂಡಿನದು. ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತಕ್ಕೆ ತೆಗೆದು ಒರೆಸಿ, ತೋಕ್‌ಪೂ (ಕೋವಿ ಹೂ) ಇಟ್ಟು ಪೂಜೆ ಮಾಡಿ ಮತ್ತೆ ಬೀರುವಿಗೆ ಸೇರಿಸುತ್ತೇವೆ. ಈ ಸಲ ಬಂದ ನೆಂಟರೊಬ್ಬರು ಇದು ಹಕ್ಕಿ ಬೇಟೆಯ ಕ್ಲಾಸಿಕ್ ಕೋವಿ ಎಂದರು. ಇನ್ನೊಬ್ಬರು ಮೇಲೆ ಚಿನ್ನದಲ್ಲಿ 2 ಎಂದು ಇರುವುದನ್ನು ತೋರಿಸಿ, ಎರಡನೇ ದರ್ಜೆ ಮಾಲು ಎಂದರು. ಯಾರ ಮಾತು ಸರಿ? ಕ್ಲಾಸಿಕ್ ಅನ್ನಲು ಏನಿರಬೇಕು? ತೆಂಗಿನಕಾಯಿ ಹೊಡೆಯುವ ಸ್ಪರ್ಧೆಗೆ ಒಯ್ಯಬಹುದಾ?

ಉತ್ತರ: ಮೊದಲು ಆ 2ರ ವಿಷಯ. ಅದು ದರ್ಜೆ ಅಲ್ಲ. ನಿಮ್ಮ ಕೋವಿಗೆ ಒಂದು ಜೊತೆ ಇತ್ತು ಎನ್ನುವ ಗುರುತು. ಇಂಗ್ಲೆಂಡಿನ ಸಿರಿವಂತರ ಬೇಟೆಯಲ್ಲಿ ಸೋವುವವರು ಪೊದೆ ಬಡಿದು ಫೆಸೆಂಟ್, ಗ್ರೌಸ್ ಹಕ್ಕಿಗಳನ್ನು ಎಬ್ಬಿಸಿ ಬೇಟೆಗಾರರ ತಲೆಯ ಮೇಲೆ ಹಾರುವಂತೆ ಮಾಡುತ್ತಿದ್ದರು, ಹಕ್ಕಿಗಳು ಒಂದರ ಹಿಂದೊಂದು ಬರುತ್ತಿದ್ದುದರಿಂದ ಒಂದು ಕೋವಿ ಸಾಲುತ್ತಿರಲಿಲ್ಲ, ಧಣಿ ಒಂದನ್ನು ಹಾರಿಸುವಷ್ಟರಲ್ಲಿ ಹಿಂದೆ ನಿಂತ ಆಳು ಇನ್ನೊಂದಕ್ಕೆ ತೋಟಾ ತುಂಬಿ ಕೈಗೆ ಕೊಡುತ್ತಿದ್ದ. ಕೋವಿ ಬದಲಾದದ್ದು ಹೆಗಲಿಗೆ ಗೊತ್ತಾಗಬಾರದು. ಹಾಗಾಗಿ ತೂಕ, ಉದ್ದ, ಹಿಡಿ (ಹೆಗಲಿಗೆ ಆನಿಸುವ ಮರದ ಭಾಗ) ಎಲ್ಲ ಒಂದೇ ಥರ ಇರುವ ಎರಡನ್ನು ಒಟ್ಟಿಗೆ ಮಾಡಿಸಿ 1, 2 ಎಂದು ಗುರುತು ಹಾಕಿಸುತ್ತಿದ್ದರು. ನಿಮ್ಮದು ತಮ್ಮ. ಅಣ್ಣ ಎಲ್ಲಿದ್ದಾನೋ!

ಇನ್ನು ಕ್ಲಾಸಿಕ್ ಮಾತು. ಜನ ಮೊದಲು ನೋಡುವುದು ಕೆತ್ತನೆ, ಆಮೇಲೆ ಕಂಪನಿ ಹೆಸರು. ನಾನು ಮೊದಲು ಕೇಳುವುದು ತೂಕ ಎಷ್ಟು ಅಂತ. ಹಕ್ಕಿ ಕೋವಿಯನ್ನು ಇಡೀ ದಿನ ಹೊತ್ತು ನಡೆಯಬೇಕು, ಹಕ್ಕಿ ಎದ್ದಾಗ ಅದು ತಟ್ಟನೆ ಹೆಗಲಿಗೆ ಬರಬೇಕು. ಭಾರವಾದರೆ ತಡವಾಗುತ್ತದೆ. ತೀರಾ ಹಗುರವಾದರೆ ಹೆಗಲಿಗೆ ಒದೆಯುತ್ತದೆ. ಇದಕ್ಕೆ ಇಂಗ್ಲಿಷ್ ಕೋವಿ ಕೆಲಸದವರ ಹಳೆಯ ಲೆಕ್ಕವೊಂದಿದೆ: ಒಂದು ಸಲಕ್ಕೆ ಹಾರಿಸುವ ಚರೆಯ (ತೋಟಾದೊಳಗಿನ ಸಣ್ಣ ಗುಂಡುಗಳ) ತೂಕದ 96 ಪಟ್ಟು ಕೋವಿ ತೂಗಬೇಕು. 30 ಗ್ರಾಂ ಚರೆಗೆ 2,880 ಗ್ರಾಂ. ನಿಮ್ಮದನ್ನು ತಕ್ಕಡಿಗೆ ಹಾಕಿ ನೋಡಿ, 3 ಕಿಲೋ ಆಸುಪಾಸು ಬಂದರೆ ಹಕ್ಕಿಗೆಂದೇ ಮಾಡಿದ್ದು.

ಆ ತೂಕ ಎಲ್ಲಿ ಕೂತಿದೆ ಅನ್ನುವುದು ಇನ್ನೂ ಮುಖ್ಯ. ಖಾಲಿ ಕೋವಿಯನ್ನು, ನಳಿಗೆ ಮಡಚುವ ಕೀಲಿನ ಕೆಳಗೆ ಎರಡು ಬೆರಳಿಟ್ಟು ಎತ್ತಿ. ಹಿಂದೆ ಮುಂದೆ ವಾಲದೆ ನಿಂತರೆ ಭಾರವೆಲ್ಲ ಎರಡು ಕೈಗಳ ನಡುವೆ ಇದೆ ಎಂದರ್ಥ. ಸುಮ್ನೆ ಬಂದದ್ದಲ್ಲ ಅದು. ನಳಿಗೆ ಬುಡದಲ್ಲಿ ದಪ್ಪ, ಮುಂದೆ ಹೋದಂತೆ ತೆಳು. ಎಲ್ಲೆಲ್ಲಿ ಉಕ್ಕು ಬೇಡವೋ ಅಲ್ಲೆಲ್ಲ ಒಬ್ಬ ಮನುಷ್ಯ ಕೂತು ಅರ ಹಿಡಿದು ಉಜ್ಜಿ ತೆಗೆದಿದ್ದಾನೆ. ನನಗೆ ಕೆತ್ತನೆಗಿಂತ ಈ ಕೆಲಸ ದೊಡ್ಡದು.

ಮೂರನೆಯದು ಹಿಡಿ. ರೈಫಲ್‌ಗೆ ಗುರಿ ಹಿಡಿಯಲು ಹಿಂದೆ ಒಂದು, ಮುಂದೆ ಒಂದು ಗುರುತು ಇರುತ್ತದೆ. ಇಲ್ಲಿ ಮುಂದೆ ಒಂದು ಪುಟ್ಟ ಮಣಿ ಅಷ್ಟೇ. ಹಿಂದಿನ ಗುರುತು ನಿಮ್ಮ ಕಣ್ಣೇ. ಹಾರುವ ಹಕ್ಕಿಗೆ ಯಾರೂ ಒಂದು ಕಣ್ಣು ಮುಚ್ಚಿ ಗುರಿ ಹಿಡಿಯುತ್ತಾ ಕೂರುವುದಿಲ್ಲ, ಹಕ್ಕಿಯನ್ನು ನೋಡುತ್ತಾರೆ, ಕೋವಿ ತಾನೇ ಅಲ್ಲಿಗೆ ಹೋಗಬೇಕು. ಅದಕ್ಕೇ ಒಳ್ಳೆಯ ಕೋವಿಯ ಹಿಡಿಯನ್ನು ಅಂಗಿ ಹೊಲಿಸಿದ ಹಾಗೆ ಮೈ ಅಳತೆ ತೆಗೆದು ಮಾಡುತ್ತಿದ್ದರು. ಮೇಲಿನಿಂದ ನೋಡಿ, ವಾಲ್‌ನಟ್ ಮರದ ಆ ಹಿಡಿ ಒಂಚೂರು ಬಲಕ್ಕೆ ಬಾಗಿರುತ್ತದೆ. ಬಲಗೈಯವರ ಕೆನ್ನೆಗೆ ಅಂತ. ಎಡಕ್ಕೆ ಬಾಗಿದ್ದರೆ ಮೊದಲ ಯಜಮಾನ ಎಡಚ. ಖಾಲಿ ಇದೆಯೇ ಎಂದು ಎರಡು ಸಲ ನೋಡಿ, ಬರೀ ಗೋಡೆಯ ಕಡೆ ತಿರುಗಿ, ಕಣ್ಣು ಮುಚ್ಚಿ ಹೆಗಲಿಗೇರಿಸಿ, ಕಣ್ಣು ಬಿಡಿ. ಮಣಿ ನೇರ ಕಂಡರೆ ಅಜ್ಜನ ಮೈಕಟ್ಟು ನಿಮಗೂ ಬಂದಿದೆ.

ಎರಡು ಟ್ರಿಗರ್ ಯಾಕೆ ಅಂತ ಹುಡುಗರು ಕೇಳುತ್ತಾರೆ. ಬಲ ನಳಿಗೆಯ ಬಾಯಿ ಸಾಮಾನ್ಯವಾಗಿ ಸಡಿಲ, ಎಡದ್ದು ಬಿಗಿ. ಬಾಯಿಯ ಈ ಬಿಗಿಗೇ ಚೋಕ್ ಅನ್ನುವುದು. ಫುಲ್ ಚೋಕ್ ಅಂದರೂ ಕಿರಿದಾಗುವುದು ಸುಮಾರು 1 ಮಿಲಿಮೀಟರ್ ಅಷ್ಟೇ, ಆದರೆ ದೂರದಲ್ಲಿ ಚರೆ ಹರಡುವುದು ಎಷ್ಟೋ ಕಡಿಮೆಯಾಗುತ್ತದೆ. ಹತ್ತಿರದ ಹಕ್ಕಿಗೆ ಮುಂದಿನ ಟ್ರಿಗರ್, ದೂರದ್ದಕ್ಕೆ ಹಿಂದಿನದು. ಬೆರಳು ಸರಿಸಿದರೆ ಸಾಕು.

ಕುದುರೆ (ತೋಟಾ ಸಿಡಿಯುವಂತೆ ಬಡಿಯುವ ಸುತ್ತಿಗೆ) ಹೊರಗೆ ಕಾಣುತ್ತಿಲ್ಲ ಅಂದರೆ ನಿಮ್ಮದು ಬಹುಶಃ 1875ರ ಈಚಿನದು. ಬರ್ಮಿಂಗ್‌ಹ್ಯಾಮ್‌ನ ವೆಸ್ಟ್‌ಲಿ ರಿಚರ್ಡ್ಸ್ ಕಂಪನಿಯ ಆನ್ಸನ್ ಮತ್ತು ಡೀಲಿ ಎಂಬ ಇಬ್ಬರು ಆ ವರ್ಷ ಕುದುರೆಗಳನ್ನು ಒಳಗೆ ಸೇರಿಸಿ, ನಳಿಗೆ ಮಡಚಿದರೆ ತಾವೇ ಏರುವ ಹಾಗೆ ಮಾಡಿದರು. ಆಮೇಲೆ ಬಂದ ಎಷ್ಟೋ ಜೋಡುನಳಿಗೆಗಳಲ್ಲಿ ಇರುವುದು ಅದೇ ಉಪಾಯ.

ಈಗ ಎಚ್ಚರದ ಮಾತು, ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹಳೆಯ ಇಂಗ್ಲಿಷ್ 12 ಬೋರ್ ಕೋವಿಗಳಲ್ಲಿ ತೋಟಾ ಕೂರುವ ಗೂಡು ಹೆಚ್ಚಾಗಿ 65 ಮಿ.ಮೀ. ಇರುತ್ತದೆ. ಇಂದು ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ 70 ಮಿ.ಮೀ. ತೋಟಾ. ಅದು ಹಳೆಯ ಗೂಡಿಗೆ ಸಲೀಸಾಗಿ ಇಳಿಯುತ್ತದೆ, ಮೋಸ ಇರುವುದೇ ಅಲ್ಲಿ. ತೋಟಾದ ಅಳತೆ ಹೇಳುವುದು ಹಾರಿಸಿದ ಮೇಲಿನ ಉದ್ದವನ್ನು. ತೋಟಾದ ಮಡಚಿದ ಬಾಯಿ ಬಿಚ್ಚಿಕೊಂಡಾಗ ಮುಂದೆ ಜಾಗ ಇರುವುದಿಲ್ಲ, ಒತ್ತಡ ಏರುತ್ತದೆ, ಹಗುರ ನಳಿಗೆ ಅದನ್ನು ತಾಳಬೇಕೆಂದೇನಿಲ್ಲ. ಇನ್ನು ತೆಂಗಿನಕಾಯಿಗೆ ಒಂಟಿ ಗುಂಡು ಹಾಕುವ ಆಸೆ ಇದ್ದರೆ ಬಿಟ್ಟುಬಿಡಿ. ಕೆಲವು ಹಳೆಯ ಚೋಕ್ ನಳಿಗೆಗಳ ಮೇಲೆ 'ನಾಟ್ ಫಾರ್ ಬಾಲ್' (ಒಂಟಿ ಗುಂಡಿಗಲ್ಲ) ಎಂದೇ ಒತ್ತಿರುತ್ತಾರೆ. ನಳಿಗೆ ಬಿಚ್ಚಿ ಅಡಿಭಾಗ ನೋಡಿ, ಲಂಡನ್ ಅಥವಾ ಬರ್ಮಿಂಗ್‌ಹ್ಯಾಮ್ ಪರೀಕ್ಷಾ ಮುದ್ರೆಗಳಿರುತ್ತವೆ. ಕಿರೀಟದ ಕೆಳಗೆ ಎನ್‌ಪಿ ಎಂದಿದ್ದರೆ ಇಂದಿನ ಥರದ ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆ ಆಗಿದೆ. ಆದರೂ ಅದು ಮಾಡಿದ ದಿನದ ಮಾತು. ಗೂಡು, ನಳಿಗೆಯ ದಪ್ಪ ಅಳೆಯಲು ಬರುವ ಕೋವಿ ರಿಪೇರಿಯವರಿಗೆ ತೋರಿಸದೆ ಒಂದು ಈಡೂ ಹಾರಿಸಬೇಡಿ.

ತೋರಿಸುವಾಗ ಪಾಲಿಶ್ ಮಾಡಿಕೊಡಿ ಅಂತ ಮಾತ್ರ ಹೇಳಬೇಡಿ. ನನ್ನ ಸೋದರಮಾವ ತಮ್ಮ ಕೋವಿಯನ್ನು ಒಂದು ರಿಪೇರಿ ಅಂಗಡಿಗೆ ಕೊಟ್ಟಿದ್ದರು. ವಾಪಸ್ ಬಂದಾಗ ಕನ್ನಡಿ ಥರ ಹೊಳೆಯುತ್ತಿತ್ತು. ಅಡಿಯ ಮುದ್ರೆಗಳು ಅರ್ಧ ಅಳಿಸಿಹೋಗಿದ್ದವು, ಹೂಬಳ್ಳಿ ಕೆತ್ತನೆ ಸವೆದ ನಾಣ್ಯದಂತೆ ಆಗಿತ್ತು. ಮಾವ ಬೆರಳಾಡಿಸಿ ನೋಡಿ ಏನೂ ಹೇಳದೆ ಒಳಗಿಟ್ಟರು. ನನಗೆ ಇವತ್ತಿಗೂ ಸಂಕಟ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ (ಕೊಡಗಿನ ಹಳೆಯ ವಂಶಪಾರಂಪರ್ಯ ಭೂಮಿ ಉಳ್ಳವರಿಗೂ) ಇರುವ ಕೋವಿ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಅದು ಬೇಟೆಗೆ ಕೊಟ್ಟ ಅನುಮತಿ ಅಲ್ಲ. 1972ರ ವನ್ಯಜೀವಿ ಕಾಯ್ದೆಯಡಿ ಕಾಡುಕೋಳಿ ಹೊಡೆದರೂ ಅಪರಾಧವೇ. ನನ್ನ ಮಟ್ಟಿಗೆ ಅದು ಸರಿ ಕೂಡ.

ಇನ್ನೊಂದು ಕೆಲಸ ಮಾಡಿ. ಕೋವಿಯ ನಂಬರ್ ಬರೆದುಕೊಂಡು, ತಯಾರಿಸಿದ ಕಂಪನಿ ಇನ್ನೂ ಇದ್ದರೆ ಪತ್ರ ಬರೆಯಿರಿ. ಪರ್ಡಿ, ಹಾಲೆಂಡ್ ಅಂಡ್ ಹಾಲೆಂಡ್‌ನಂಥವರ ಹತ್ತಿರ ಹಳೆಯ ಲೆಕ್ಕದ ಪುಸ್ತಕಗಳಿವೆ. ಯಾವ ವರ್ಷ, ಯಾರಿಗೆ ಮಾಡಿದ್ದು ಎಂದು ತಿಳಿಯಬಹುದು. ಅಣ್ಣನ ನಂಬರ್ ಕೂಡ.

ಪ್ರಶ್ನೆ: ನಮ್ಮ ಹಳೆಯ ಕೋವಿಯ ನಳಿಗೆ ಮೇಲೆ ಹಾವಿನ ಪೊರೆ ಥರ ಸುರುಳಿ ಗೆರೆಗಳಿವೆ, ಕುದುರೆ ಎರಡೂ ಹೊರಗಿವೆ. ಡಮಾಸ್ಕಸ್ ಅಂತಾರೆ. ಇದೂ ಕ್ಲಾಸಿಕ್ ಅಲ್ವಾ? – ಮೂಡಿಗೆರೆಯ ಓದುಗರು

ಉತ್ತರ: ಹೌದು, ಚೆಂದಕ್ಕಂತೂ ಇದೇ ಮುಂದು. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಕಾಯಿಸಿ, ಹುರಿ ಮಾಡಿ, ಸರಳಿಗೆ ಸುತ್ತಿ ಬಡಿದು ಬೆಸೆದ ನಳಿಗೆ ಅದು. ಆ ಗೆರೆ ಬಣ್ಣವಲ್ಲ, ಲೋಹದ್ದೇ. ಆದರೆ ಇಂಥವು ಹೆಚ್ಚಾಗಿ ಕಪ್ಪು ಮದ್ದಿನ ಕಾಲದವು. ಬೆಸುಗೆಯ ಒಳಗೆ ತುಕ್ಕು ಹಿಡಿದಿದ್ದರೆ ಹೊರಗಿನಿಂದ ಕಾಣುವುದಿಲ್ಲ. ಇಂದಿನ ತೋಟಾ ಹಾಕಲೇಬೇಡಿ. ತೆಳ್ಳಗೆ ಎಣ್ಣೆ ಸವರಿಡಿ. ಚರ್ಮದ ಚೀಲದಲ್ಲಿ ಮಾತ್ರ ಇಡಬೇಡಿ, ಮಳೆಗಾಲದಲ್ಲಿ ಚರ್ಮ ನೀರು ಹಿಡಿಯುತ್ತದೆ.