ನಿಜವಾದ ನಾಯಕನಲ್ಲಿ ನಾವು ಗಮನಿಸದೇ ಬಿಡುವ ಗುಣ ಯಾವುದು?

ಮಾತುಗಾರಿಕೆ, ಧೈರ್ಯ, ದೂರದೃಷ್ಟಿ ಇವನ್ನೆಲ್ಲ ಬೇರೆಯವರು ಹೇಳಿಯೇ ಹೇಳುತ್ತಾರೆ. ನೀವು ಕೇಳಿರುವುದು ಕಣ್ಣಿಗೆ ಬೀಳದ ಗುಣಗಳ ಬಗ್ಗೆ. ನನ್ನ ಪ್ರಕಾರ ಅದರಲ್ಲಿ ಮೊದಲನೆಯದು, ಜೊತೆಗಿರುವವರ ಭಯ ತೆಗೆಯುವುದು.

ಇದಕ್ಕೆ ನನಗೆ ತಟ್ಟನೆ ನೆನಪಾಗುವವರು ನಮ್ಮ ಕ್ರಿಕೆಟಿಗ ಅನಿಲ್ ಕುಂಬ್ಳೆ. ಅವರ ಬೌಲಿಂಗ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ನಾಯಕತ್ವದ ಬಗ್ಗೆ ಮಾತಾಡುವವರು ಕಡಿಮೆ. ಅಂಕಿಅಂಶ ನೋಡಿದರೆ ಅದು ಸಹಜವೇ. ಭಾರತದ ನಾಯಕನಾಗಿ ಆಡಿದ್ದು 14 ಟೆಸ್ಟ್, ಗೆದ್ದದ್ದು ಬರೀ 3. ಪಟ್ಟ ಸಿಕ್ಕಿದಾಗಲೇ ವಯಸ್ಸು 37, ಒಂದೇ ವರ್ಷದಲ್ಲಿ ನಿವೃತ್ತಿ.

ಆದರೆ 2008ರ ಜನವರಿಯ ಆಸ್ಟ್ರೇಲಿಯಾ ಪ್ರವಾಸ ನೆನಪಿಸಿಕೊಳ್ಳಿ. ಸಿಡ್ನಿ ಟೆಸ್ಟ್‌ನಲ್ಲಿ ಅಂಪೈರ್‌ಗಳ ತಪ್ಪು ತೀರ್ಪುಗಳು ಒಂದರ ಮೇಲೊಂದು. ಕೊನೆಯ ದಿನ ಇನ್ನು ಕೆಲವೇ ನಿಮಿಷ ಕಳೆದಿದ್ದರೆ ಪಂದ್ಯ ಡ್ರಾ. ಆಗ ಆಸ್ಟ್ರೇಲಿಯಾದ ಮೈಕಲ್ ಕ್ಲಾರ್ಕ್ ಒಂದೇ ಓವರಿನಲ್ಲಿ ಮೂರು ವಿಕೆಟ್ ಕಿತ್ತರು, ಭಾರತ ಸೋತಿತು. ಆ ಮೂವರು ಒಬ್ಬರ ಹಿಂದೆ ಒಬ್ಬರು ವಾಪಸ್ ಹೋಗುವುದನ್ನು ಕುಂಬ್ಳೆ ಇನ್ನೊಂದು ತುದಿಯಲ್ಲಿ ನಿಂತು ನೋಡಿದರು. ತಾವು ಮಾತ್ರ 45 ರನ್ ಹೊಡೆದು ಔಟಾಗದೇ ಉಳಿದಿದ್ದರು. ಅದರ ಮೇಲೆ, ಎದುರಾಳಿ ಆಟಗಾರನಿಗೆ ಜನಾಂಗೀಯ ನಿಂದನೆ ಮಾಡಿದರು ಅನ್ನುವ ಆರೋಪಕ್ಕೆ ನಮ್ಮ ಬೌಲರ್ ಹರ್ಭಜನ್‌ಗೆ ಮೂರು ಟೆಸ್ಟ್ ನಿಷೇಧ. ಪ್ರವಾಸವೇ ನಿಲ್ಲುತ್ತೆ ಅನ್ನುವ ಮಟ್ಟಕ್ಕೆ ಗಲಾಟೆ ಹೋಯಿತು. ಕ್ರೀಡಾ ಮನೋಭಾವದಿಂದ ಆಡಿದ್ದು ಒಂದೇ ತಂಡ ಅಂತ ಕುಂಬ್ಳೆ ಪತ್ರಕರ್ತರ ಮುಂದೆ ನೇರವಾಗಿ ಹೇಳಿದರು. ಕಿರುಚಾಟವಿಲ್ಲ, ಬೈಗುಳವಿಲ್ಲ. ತನ್ನ ಹುಡುಗರ ಪರ ನಾಯಕ ನಿಂತಿದ್ದಾನೆ ಅನ್ನೋದು ಇಡೀ ತಂಡಕ್ಕೆ ಗೊತ್ತಾಯಿತು. ಹತ್ತೇ ದಿನದಲ್ಲಿ ಪರ್ತ್‌ನಲ್ಲಿ ಶುರುವಾದ ಮುಂದಿನ ಟೆಸ್ಟ್ ಅನ್ನು ಭಾರತ 72 ರನ್‌ಗಳಿಂದ ಗೆದ್ದಿತು. ಸತತ 16 ಟೆಸ್ಟ್ ಗೆದ್ದು ಬಂದಿದ್ದ ಆಸ್ಟ್ರೇಲಿಯಾದ ಓಟ ಅಲ್ಲಿಗೆ ನಿಂತಿತು.

ಅದೇ ಪ್ರವಾಸದ ಇನ್ನೊಂದು ಸಂಗತಿ ನನಗೆ ಇದಕ್ಕಿಂತ ದೊಡ್ಡದು. ಆರಂಭಿಕ ಬ್ಯಾಟ್ಸ್‌ಮನ್ ವೀರೇಂದ್ರ ಸೆಹ್ವಾಗ್ ಆಗ ಒಂದು ವರ್ಷದಿಂದ ಟೆಸ್ಟ್ ಆಡಿರಲಿಲ್ಲ. ಅವರ ಕಥೆ ಮುಗೀತು ಅಂತ ಬಹಳ ಜನ ಅಂದುಕೊಂಡಿದ್ದರು. ಕುಂಬ್ಳೆ ಮಾತ್ರ ಅವರ ಮೇಲೆ ನಂಬಿಕೆ ಇಟ್ಟರು, ನಾನು ನಾಯಕನಾಗಿರೋವರೆಗೆ ನಿನ್ನನ್ನು ಕೈಬಿಡಲ್ಲ ಅಂತ ಮಾತೂ ಕೊಟ್ಟರು. ಇದನ್ನು ಸೆಹ್ವಾಗ್ ಅವರೇ ಎಷ್ಟೋ ವರ್ಷದ ಮೇಲೆ ಬಾಯಿಬಿಟ್ಟು ಹೇಳಿದ್ದು. ಆ ಸರಣಿಯ ಕೊನೆಯ ಟೆಸ್ಟ್ ನಡೆದ ಅಡಿಲೇಡ್‌ನಲ್ಲಿ, ಎರಡನೇ ಇನಿಂಗ್ಸ್‌ನಲ್ಲಿ ಭಾರತ ಗಳಿಸಿದ್ದು 269, ಅದರಲ್ಲಿ ಸೆಹ್ವಾಗ್ ಒಬ್ಬರದೇ 151. ಪಂದ್ಯ ಉಳಿಯಿತು. ಈ ಇನಿಂಗ್ಸ್ ಸೇರುವುದು ಸೆಹ್ವಾಗ್ ಲೆಕ್ಕಕ್ಕೆ, ಕುಂಬ್ಳೆ ಲೆಕ್ಕಕ್ಕೆ ಏನೂ ಸೇರಲ್ಲ. ಅದಕ್ಕೇ ಜನ ಗಮನಿಸಲ್ಲ ಅನಿಸುತ್ತೆ. ಸೋತರೆ ಜಾಗ ಹೋಗುತ್ತೆ ಅನ್ನುವ ಹೆದರಿಕೆ ಇದ್ದವನು ಸೇಫಾಗಿ ಆಡುತ್ತಾನೆ, ತನ್ನ ಆಟ ಆಡಲ್ಲ. ಆಫೀಸಿನಲ್ಲೂ ಹೀಗೇ ಅಲ್ವಾ? ಬೈಸಿಕೊಳ್ಳುವ ಭಯ ಇದ್ದಲ್ಲಿ ಯಾರೂ ತೊಂದರೆಯನ್ನು ಬೇಗ ಹೇಳಲ್ಲ. ಡೆಡ್‌ಲೈನ್ ಹಿಂದಿನ ಸಂಜೆ ಎಲ್ಲ ಹೊರಬರುತ್ತೆ.

ಇನ್ನೊಂದು ಗುಣ, ಶ್ರೇಯಸ್ಸು ಹಂಚುವಾಗ ತೂಕ ಸರಿಯಾಗಿ ಹಾಕುವುದು. 2018ರಲ್ಲಿ ಭಾರತದ ಹುಡುಗರು ಅಂಡರ್-19 ವಿಶ್ವಕಪ್ ಗೆದ್ದಾಗ ಕೋಚ್ ರಾಹುಲ್ ದ್ರಾವಿಡ್‌ಗೆ 50 ಲಕ್ಷ, ಉಳಿದ ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ಬಹುಮಾನ ಘೋಷಣೆಯಾಯಿತು. ದ್ರಾವಿಡ್‌ಗೆ ಈ ವ್ಯತ್ಯಾಸ ಸರಿ ಕಾಣಲಿಲ್ಲ. ಕೊನೆಗೆ ಎಲ್ಲರಿಗೂ ಸಮನಾಗಿ 25 ಲಕ್ಷ ಅಂತಾಯಿತು. ಗೆದ್ದ ಮೇಲೆ 'ಇದು ತಂಡದ ಗೆಲುವು' ಅಂತ ಮೈಕಿನಲ್ಲಿ ಹೇಳೋದು ಸುಲಭ. ದ್ರಾವಿಡ್ ಅದಕ್ಕೆ ತಮ್ಮ ಪಾಲಿನ 50 ಲಕ್ಷದಲ್ಲಿ 25 ಲಕ್ಷ ಬಿಟ್ಟುಕೊಟ್ಟರು.